ಡಬ್ಬಿ ಮೀನಿಗೆ ಕರಟದ ಕೆಂಡ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7

ಡಾಕ್ಟರಿಗೆ ಹೊನ್ನಕ್ಕ ಕೊಟ್ಟ ಮಾತು: ದಿನಕ್ಕೆ ಎರಡು ಮೊಟ್ಟೆ. ತಿಂದದ್ದು: ಸೊನ್ನೆ.
ಹಾಲಿಗೆ ಪ್ರೋಟೀನ್ ಪುಡಿ ಕದಡಿ ಕುಡಿಯುವುದು. ಕುಡಿದದ್ದು: ನನ್ನ ದಾಸವಾಳದ ಗಿಡ.
ದಿನಕ್ಕೆ ನಾಲ್ಕು ಸಲ ವಾಕರ್ ಹಿಡಿದು ನಡೆಯುವುದು. ನಡೆದದ್ದು: ಬಚ್ಚಲಿಗೆ. ಬೈಯುತ್ತಾ.

ಸರ್ಕಾರ ಹೊನ್ನಕ್ಕನಿಗೆ ಕೊಟ್ಟ ಮಾತು: ಗುಡ್ಡೆಕೇರಿಯ ನಲವತ್ತೊಂದು ಮನೆಗೆ ಹಕ್ಕುಪತ್ರ. ಕೊಟ್ಟದ್ದು: ನಾಲ್ಕು ಸರ್ವೆ ಕಲ್ಲು.

ಮಾತು ತಪ್ಪುವುದರಲ್ಲಿ ಇಬ್ಬರೂ ಸಮ. ಒಬ್ಬಳ ಮೇಲೆ ಮಾತ್ರ ನನಗೆ ಪ್ರೀತಿ.

ಇಪ್ಪತ್ತೇಳಕ್ಕೆ ಹಕ್ಕುಪತ್ರದ ಸಮಿತಿಯ ವಿಚಾರಣೆ. ಈ ನೆಲದಲ್ಲಿ ಮೂರು ತಲೆಮಾರಿನಿಂದ ಇದ್ದೇವೆ ಅಂತ ಹಳೆಯ ಜೀವವೊಂದು ಎದುರು ನಿಂತು ಬಾಯಲ್ಲಿ ಹೇಳಬೇಕು. ಹಾಗೆ ಹೇಳಬಲ್ಲವರು ಕೇರಿಯಲ್ಲಿ ಇನ್ನೊಬ್ಬರಿಲ್ಲ. ಎಪ್ಪತ್ತಾರು ವರ್ಷದ ಹೊನ್ನಕ್ಕ ಒಬ್ಬಳೇ. ನವೆಂಬರಿನಲ್ಲಿ ಬಸ್ಸಿನ ಮೆಟ್ಟಿಲಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಈಗ ಶಿರಸಿಯ ನನ್ನ ಮನೆಯಲ್ಲಿ. ಮೂಳೆ ಕೂಡಿದೆ. ಮಾಂಸ ಕರಗಿದೆ. ಸಭೆ ನಡೆಯುವುದು ತಾಲೂಕು ಕಚೇರಿಯ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ಕೇರಿಯ ಅರ್ಜಿ ಹಿಡಿದು ಮೂವತ್ತು ವರ್ಷದಿಂದ ಹತ್ತುತ್ತಿದ್ದೇನೆ, ಲೆಕ್ಕ ತಪ್ಪುವುದಿಲ್ಲ.

ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತೇವೆ ಅಂದೆ.

"ನಾನೇನ್ ಹೆಣಾನ? ಹೊತ್ಕಂಡ್ ಹೋದ್ರೆ, ಮುದುಕಿಗೆ ಕಾಲೂ ಸಮ ಇಲ್ಲ ನೆನಪೂ ಸಮ ಇಲ್ಲ ಅಂತ ಬರ್ಕಳ್ತಾರೆ. ನಡ್ದೇ ಹತ್ತೂದು."

ಹಾಗಾದರೆ ತಿನ್ನು ಮಾರಾಯ್ತಿ! ತಿನ್ನುವುದಿಲ್ಲ.

ಫೆ. 4, ಮಂಗಳವಾರ

ರಕ್ಷಿತಾ ಬಂದಿದ್ದಳು. ಹೊನ್ನಕ್ಕನಿಗೆ ವ್ಯಾಯಾಮ ಮಾಡಿಸುವ ಹುಡುಗಿ. ಯಲ್ಲಾಪುರದವಳು. ಕಾಲಿನ ಸುತ್ತಳತೆ ಟೇಪು ಹಿಡಿದು ನೋಡಿ ಮುಖ ಸಣ್ಣ ಮಾಡಿದಳು.

"ಆಂಟಿ, ಟ್ಯೂನಾ ಮೀನಿನ ಸಲಾಡ್ ಮಾಡ್ಕೊಡಿ. ಒಂದು ಡಬ್ಬೀಲಿ ಇಪ್ಪತ್ತೈದು ಗ್ರಾಂ ಪ್ರೋಟೀನ್. ಎಣ್ಣೆ ಇಲ್ಲ, ಮೀನು ಹುರಿಯೋದೂ ಬೇಡ, ವಾಸನೆನೂ ಬರಲ್ಲ."

ವಿಧಾನ ವಾಟ್ಸಾಪಿಗೆ ಹಾಕಿದಳು. ಡಬ್ಬಿಯ ಉಪ್ಪುನೀರು ಬಸಿಯುವುದು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ಸೌತೆಕಾಯಿ, ಈರುಳ್ಳಿ, ಬೇಯಿಸಿದ ಕಡಲೆ. ಕಾಳುಮೆಣಸು, ಲಿಂಬೆ. ಕಲಸುವುದು. ಅಷ್ಟೇ.

ಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆ. ಮೂರನೆಯದರಲ್ಲಿ, ಮೇಲಿನ ಹಲಗೆಯಲ್ಲಿ, ಧೂಳು ಹಿಡಿದು ಕೂತಿತ್ತು. ಇದ್ದ ಆರು ಡಬ್ಬಿಯನ್ನೂ ತಂದೆ.

ಫೆ. 5, ಬುಧವಾರ. ಮಧ್ಯಾಹ್ನ

ಕಲಸಿದೆ. ನೋಡಲು ಚೆಂದ. ಗಾಜಿನ ಬಟ್ಟಲಲ್ಲಿ ಬಿಳಿ, ಹಸಿರು, ಮೇಲೆ ಕಾಳುಮೆಣಸಿನ ಚುಕ್ಕೆ. ನನಗೇ ಬಾಯಲ್ಲಿ ನೀರು.

ಹೊನ್ನಕ್ಕ ಚಮಚದಲ್ಲಿ ಕೆದಕಿದಳು.

"ಎಂತಾ ಇದು?"

"ಮೀನು."

"ಬಿಳೀದು?"

"ಮೊಸರು."

ಬಟ್ಟಲನ್ನು ಹಾವು ಕಂಡ ಹಾಗೆ ದೂಡಿದಳು. "ಮೀನಿಗೆ ಮೊಸ್ರಾ! ತೊನ್ನು ಹತ್ತೂದು ಗೊತ್ತಿಲ್ವಾ ನಿಂಗೆ? ಇಷ್ಟೆಲ್ಲ ಓದಿ, ಭಾಷಣ ಬಿಗ್ದು, ಕಡೀಗೆ ಇದಾ ನೀ ಕಲ್ತದ್ದು ಪ್ರತಿಭಾ?"

ಅದು ಮೂಢನಂಬಿಕೆ ಅಂತ ಶುರು ಮಾಡಿದೆ. ವಿಜ್ಞಾನ, ಜಗತ್ತು, ಪುರಾವೆ... ಕಾಲು ಗಂಟೆ.

"ಮುಗೀತಾ? ಗಂಜಿ ಇದ್ರೆ ಕೊಡು."

ಮೂವತ್ತು ವರ್ಷ ಮೂಢನಂಬಿಕೆಯ ವಿರುದ್ಧ ಊರೂರು ತಿರುಗಿದವಳು ನಾನು. ಒಂದು ಬಟ್ಟಲು ಮೊಸರಿನ ಮುಂದೆ ಸೋತೆ. ಸಲಾಡು ನಾನೇ ತಿಂದೆ. ಚೆನ್ನಾಗಿಯೇ ಇತ್ತು. ತೊನ್ನು ಬಂದಿಲ್ಲ — ಸದ್ಯಕ್ಕೆ.

ಫೆ. 9, ಭಾನುವಾರ

ಮೊಸರು ತೆಗೆದೆ. ಬದಲಿಗೆ ಕಾಯಿತುರಿ. ಇನ್ನೆಲ್ಲ ಅದೇ.

ಒಂದು ತುತ್ತು ಬಾಯಿಗಿಟ್ಟಳು. ತುಂಬಾ ಹೊತ್ತು ಅಗಿದಳು. ಮನಸ್ಸು ಹಾರುತ್ತಿತ್ತು ನನ್ನದು.

"ಇದ್ರಲ್ಲಿ ಮೀನೆಲ್ಲಿದೆ?"

"ಅದೇ ಅಲ್ಲವಾ ಬಾಯಲ್ಲಿರುವುದು?"

"ವಾಸ್ನೇನೇ ಇಲ್ಲ ಇದ್ಕೆ. ವಾಸ್ನೆ ಇಲ್ದಿದ್ದು ಎಂತಾ ಮೀನೆ? ಹತ್ತಿ ಅಗ್ದಂಗೆ ಆಗ್ತದೆ. ಧರಣೀಲಿ ನಮ್ ಚೌಡ ಮಾಡ್ತಿದ್ನಲ್ಲ, ಅದು ಮೀನು."

ಚೌಡ, ಅವಳ ಗಂಡ. ಹೋಗಿ ಹನ್ನೊಂದು ವರ್ಷ. ಆ ಹೆಸರು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ನನಗೆ ಇಡೀ ದಿನ ಅದೇ ಧ್ಯಾನ.

ಫೆ. 10, ಸೋಮವಾರ. ಬೆಳಿಗ್ಗೆ 6

ಬರೆದಿಡುತ್ತೇನೆ. ಮರೆತರೆ ಯಾರಿಗೂ ಗೊತ್ತಿರುವುದಿಲ್ಲ.

ತೊಂಬತ್ತಾರನೆಯ ಇಸವಿ. ಇದೇ ಫೆಬ್ರವರಿ. ಇದೇ ಕಚೇರಿಯ ಎದುರು, ಹಕ್ಕುಪತ್ರಕ್ಕಾಗಿ ಹತ್ತೊಂಬತ್ತು ದಿನದ ಧರಣಿ. ನನಗೆ ಇಪ್ಪತ್ತಮೂರು. ಕಾಲೇಜು ಮುಗಿಸಿ ಬಂದವಳು. ಕಾಲೇಜಿನ ಮೂರು ವರ್ಷ ನಾನು ಕಲಿತ ಮುಖ್ಯ ಪಾಠ — ಮನೆಯಲ್ಲಿ ಮೀನು ತಿಂದ ದಿನ ಲಿಂಬೆ ಸಿಪ್ಪೆಯಲ್ಲಿ ಕೈ ತಿಕ್ಕುವುದು. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋಗಬಾರದಲ್ಲ. ಬೆರಳು ಮೂಸಿಕೊಳ್ಳುವ ಚಾಳಿಯೇ ಬಿದ್ದಿತ್ತು.

ಕೇರಿಯಿಂದ ಅಕ್ಕಿ ಬರುತ್ತಿತ್ತು, ತರಕಾರಿ ಇಲ್ಲ. ಚೌಡಣ್ಣ ಮೂರು ಕಲ್ಲು ಹೂಡಿ ಕೆಂಡದಲ್ಲಿ ಒಣ ಬಂಗಡೆ ಸುಡುತ್ತಿದ್ದ. ಹೊನ್ನಕ್ಕ ಈರುಳ್ಳಿ, ಉಪ್ಪು, ಸೂಜಿಮೆಣಸು ಕೈಯಲ್ಲೇ ಕಿವುಚಿ, ನೆನೆಸಿದ ಮುರುಗಲ ಸಿಪ್ಪೆಯ ಹುಳಿ ಹಿಂಡಿ, ಸುಟ್ಟ ಮೀನು ಮುರಿದು ಹಾಕಿ, ಮೇಲೆ ಒಂದು ಮುಷ್ಟಿ ಕಾಯಿತುರಿ. ಎಂಬತ್ತು ಜನ. ಒಂದೇ ಬೋಗುಣಿ. ಹಾಡು ಹೇಳುತ್ತಾ ತಿಂದೆವು. ಅಂಥ ರುಚಿ ಆಮೇಲೆ ಯಾವ ಮನೆಯಲ್ಲೂ ಸಿಗಲಿಲ್ಲ. ಹಸಿವಿನದೋ, ಜನರದೋ ಆ ರುಚಿ...

ಗಾಳಿ ಕಚೇರಿಯ ಕಡೆ ಬೀಸುತ್ತಿತ್ತು. ಮೊದಲ ದಿನ ಕಿಟಕಿ ಮುಚ್ಚಿದರು. ಸೆಖೆ, ಕರೆಂಟಿಲ್ಲ, ಮತ್ತೆ ತೆರೆದರು. ಚೌಡಣ್ಣ ಒಲೆಯನ್ನು ಕಿಟಕಿಗೆ ಇನ್ನೂ ನಾಲ್ಕು ಮಾರು ಹತ್ತಿರ ಹೂಡಿದ. ಹತ್ತೊಂಬತ್ತನೆಯ ದಿನ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ತಾವಾಗಿ ಮೆಟ್ಟಿಲಿಳಿದು ಬಂದರು.

"ಏನಮ್ಮಾ ಇದು? ಒಳಗೆ ಕೆಲಸ ಮಾಡೋಕಾಗ್ತಿಲ್ಲ!"

ಹೊನ್ನಕ್ಕ ಬೋಗುಣಿಯಿಂದ ಕೈ ತೆಗೆಯಲೇ ಇಲ್ಲ. "ಅದೇ ಅಲ್ದನಾ ಒಡ್ಯಾ, ನಾವೂ ಹತ್ತೊಂಬತ್ತು ದಿನದಿಂದ ಹೇಳೂದು?"

ಮನವಿ ತೆಗೆದುಕೊಂಡರು. ಸಾರ್ವಜನಿಕ ಜಾಗದಲ್ಲಿ ಬೆಂಕಿ ಹಚ್ಚಿದ್ದಕ್ಕೆ ಕೇಸು ಹಾಕಿದರು. ಸರ್ವೆಯವರನ್ನು ಕಳಿಸಿ ನಾಲ್ಕು ಕಲ್ಲು ನೆಟ್ಟರು. ಆ ಹತ್ತೊಂಬತ್ತು ದಿನದಲ್ಲಿ ನಾನು ಬೆರಳು ಮೂಸುವುದು ಬಿಟ್ಟೆ.

ಬಿಟ್ಟಿದ್ದೆ ಅಂದುಕೊಂಡಿದ್ದೆ. ಮೊನ್ನೆ ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡಾಗ ಮೊದಲು ಹೊಳೆದದ್ದು ಏನು? ಪ್ರೋಟೀನ್ ಅಲ್ಲ. ವಾಸನೆ ಬರುವುದಿಲ್ಲ, ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ!

ಥೂ ನಿನ್ನ.

ಅದೇ ದಿನ. ಮಧ್ಯಾಹ್ನ 2

ಒಣ ಬಂಗಡೆಯನ್ನೇ ತರಬಹುದಿತ್ತು; ಆದರೆ ಹೊನ್ನಕ್ಕನಿಗೆ ಬಿಪಿ, ಆ ಉಪ್ಪು ಆಗದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಡಬ್ಬಿ ಮೀನೇ ಗತಿ. ಸರಿ, ಅದನ್ನೇ ಧರಣಿಗೆ ಕೂರಿಸೋಣ ಅಂದುಕೊಂಡೆ.

ಮೀನನ್ನು ಎರಡು ಸಲ ನೀರಲ್ಲಿ ಜಾಲಿಸಿ ಹಿಂಡಿದೆ, ಉಪ್ಪು ಹೋಗಲಿ ಅಂತ. ಮುರುಗಲ ಸಿಪ್ಪೆ ನೆನೆಹಾಕಿದೆ. ಈರುಳ್ಳಿ ಹೆಚ್ಚಲು ಕೂತರೆ ಹಾಸಿಗೆಯಿಂದ ಕೂಗು: "ಕತ್ತಿ ಇಡೆ! ಕೈಯಲ್ಲಿ ಕಿವ್ಚು. ರಸ ಬಿಡ್ಬೇಕು." ಕಿವುಚಿದೆ. ಸೂಜಿಮೆಣಸು ಎರಡು. ಸೌತೆ, ಕಡಲೆ ಬಿಡಲಿಲ್ಲ — ರಕ್ಷಿತಾ ಹೇಳಿದ್ದು. ಆಮೇಲೆ ಕರಟದ ಚೂರೊಂದನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಪುಟ್ಟ ಬಟ್ಟಲಲ್ಲಿಟ್ಟು ಸಲಾಡಿನ ನಡುವೆ ಕೂರಿಸಿ, ಕೆಂಡದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ. ಬುಸ್ಸೆಂದು ಹೊಗೆ. ಮುಚ್ಚಿದೆ. ಐದು ನಿಮಿಷ. ಕಿಟಕಿ ತೆರೆದಿಟ್ಟೆ — ಎರಡೂ.

ಮುಚ್ಚಳ ತೆಗೆದಾಗ ಹೊನ್ನಕ್ಕ ಎದ್ದು ಕೂತಿದ್ದಳು. ತಾನಾಗಿ. ಚಮಚ ಬೇಡ ಅಂದಳು. ಕೈಯಲ್ಲಿ ತಿಂದಳು. ಅರ್ಧ ಬಟ್ಟಲು ಆದ ಮೇಲೆ, "ಹುಳಿ ಸಾಲ್ದು. ಚೌಡ ಆಗಿದ್ರೆ ಇನ್ನೊಂದ್ ಸಿಪ್ಪೆ ಹಿಂಡ್ತಿದ್ದ."

ಬಟ್ಟಲು ಬರಿದು. ತಿಂದ ಕೈಯನ್ನು ಮೂಗಿನ ಹತ್ತಿರ ಹಿಡಿದು ಕೂತಳು. ನಾನು ಒಳಗೆ ಹೋದೆ. ಪಾತ್ರೆ ತೊಳೆಯುವುದಿತ್ತು.

ಫೆ. 19, ಬುಧವಾರ

ಬರೆಯಲು ಪುರಸೊತ್ತಿಲ್ಲ. ಡಬ್ಬಿ ಮುಗಿದು, ರಕ್ಷಿತಾ ಹುಬ್ಬಳ್ಳಿಯಿಂದ ತರಿಸಿದಳು. ಕಾಲಿನ ಸುತ್ತಳತೆ ಒಂದು ಸೆಂಟಿಮೀಟರ್ ಹೆಚ್ಚು. ಹೊನ್ನಕ್ಕ ಈಗ ಹೊಸ್ತಿಲು ದಾಟಿ ಅಂಗಳದ ಮೂರು ಮೆಟ್ಟಿಲು ಇಳಿದು ಹತ್ತುತ್ತಾಳೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಹಳೆಯ ಘೋಷಣೆ. ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು ಕೇಳಿದರು, "ಎಂತ ಪರಿಮಳ ಅದು ದಿನಾ?" "ಮೀನು" ಅಂದೆ. ಜೋರಾಗಿ. "ಹೌದಾ" ಅಂದು ಹೋದರು. ಆಕಾಶ ಬೀಳಲಿಲ್ಲ.

ಫೆ. 27, ಗುರುವಾರ. ಸಂಜೆ 5

ಹತ್ತಿದಳು. ಇಪ್ಪತ್ತೆರಡೂ. ಒಂದು ಕೈ ಕಟಾಂಜನದ ಮೇಲೆ, ಒಂದು ನನ್ನ ಹೆಗಲ ಮೇಲೆ. ಹನ್ನೊಂದರಲ್ಲಿ ನಿಂತು ಉಸಿರು ತೆಗೆದುಕೊಂಡಳು. ಕೆಳಗೆ ಕೇರಿಯ ಜನ ಮೆಟ್ಟಿಲು ಎಣಿಸುತ್ತಾ ನಿಂತಿದ್ದರು.

ಮೇಲೆ ಹೋದರೆ ಖಾಲಿ ಕುರ್ಚಿಗಳು. ಸಾಹೇಬರಿಗೆ ಬೇರೆ ಮೀಟಿಂಗು, ಸಭೆ ಮುಂದಕ್ಕೆ ಹೋಗಿದೆ ಅಂದ ಗುಮಾಸ್ತ. ಫೋನ್ ಮಾಡಿ ಹೇಳಬಹುದಿತ್ತಲ್ಲ ಅಂತ ನಾನು ಕೂಗಾಡಿದೆ. ಹೊನ್ನಕ್ಕ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಮನೆಯಿಂದ ತಂದ ಸಲಾಡಿನ ಡಬ್ಬ ಬಿಚ್ಚಿದಳು. ಹೊಗೆಯ ಪರಿಮಳ ಇಡೀ ಸಭಾಂಗಣಕ್ಕೆ.

"ಅಜ್ಜೀ, ಇಲ್ಲಿ ಊಟ ಮಾಡೋ ಹಾಗಿಲ್ಲ."

"ಊಟ ಅಲ್ಲ ತಮಾ, ಮದ್ದು. ಡಾಕ್ಟ್ರು ಹೇಳಿದ್ದು." ಪೂರ್ತಿ ತಿಂದಳು, ನಿಧಾನಕ್ಕೆ. ಕೈ ಒರೆಸಿಕೊಂಡು, "ಮುಂದಿನ ತಾರೀಕು ಬಾಯಲ್ಲಿ ಬೇಡ. ಬರ್ದು ಕೊಡು. ನಾ ಮತ್ತೆ ಹತ್ತೂಳೇ."

ಬರೆದುಕೊಟ್ಟ.

ಇಳಿಯುವಾಗ ಹತ್ತನೆಯ ಮೆಟ್ಟಿಲಲ್ಲಿ ನಿಂತು ಅಂಗಳ ನೋಡಿದಳು. ಚೌಡಣ್ಣ ಒಲೆ ಹೂಡುತ್ತಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. "ನಂಗೆ ಡಬ್ಬಿ ಮೀನು ಸಾಕು. ಉಳ್ದವ್ರಿಗೆ ಒಣ ಬಂಗ್ಡೆ ತರ್ಸು. ಕಲ್ಲು ನಾನೇ ಹುಡುಕ್ತೆ."

ಬಂಗಡೆ. ಮುರುಗಲು. ಮೂರು ಕಲ್ಲು. ಕಿಟಕಿಯ ಕೆಳಗೆ, ಗಾಳಿ ನೋಡಿಕೊಂಡು. ಗುಮಾಸ್ತ ಬರೆದುಕೊಟ್ಟ ತಾರೀಕಿಗೇ, ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ —