ದೋಣಿ ಪಾಲಿಶಿನ ಸ್ಪಿರಿಟ್

ಅಮ್ಮಾ,

ಫೋನ್ ಮಾಡಿದರೆ ಅಪ್ಪಯ್ಯನೇ ಎತ್ತುತ್ತಾರೆ. ಅದಕ್ಕೇ ಈಗ ಊರಿಗೆ ಹೊರಟಿರುವ ಪಕ್ಕದ ಮನೆ ಕೀರ್ತನ್ ಕೈಯಲ್ಲಿ ಪತ್ರ ಕಳಿಸುತ್ತಿದ್ದೇನೆ.

ಇಲ್ಲಿ ಕುಂದಾಪುರದ ಹಾಸ್ಟೆಲಿನಲ್ಲಿ ಒಂದು ಹಿಸ್ಟರಿ ಪಾಡ್‌ಕಾಸ್ಟ್ ಕೇಳಿದೆ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಜನ ಕುಡಿಯಬಾರದೆಂದು ಸರ್ಕಾರವೇ ಫ್ಯಾಕ್ಟರಿ ಸ್ಪಿರಿಟ್‌ಗೆ ವಿಷ ಸೇರಿಸುತ್ತಿತ್ತಂತೆ. ಆದರೂ ಕುಡಿದವರಿಗೆ ಮೊದಲು ಕಣ್ಣು ಹೋಯಿತಂತೆ, ಆಮೇಲೆ ಜೀವ.

ಅಪ್ಪಯ್ಯ ಹಂಗಾರಕಟ್ಟೆಯ ದೋಣಿ ಕೆಲಸದಿಂದ ತಂದು ಕುಡಿಯುವ ಪಾಲಿಶ್ ಸ್ಪಿರಿಟ್ಟೂ ಅಂಥದ್ದೇ. "ಕಾಸಿರೆ ವಿಷ ಹೋತ್ತ್ ಮಗಾ, ನೀ ಹೆದ್ರಬೇಡ" ಎಂದು ನಗುತ್ತಾರೆ. ಕಾಸಿದರೂ ಅದು ಹೋಗುವುದಿಲ್ಲ ಅಮ್ಮಾ.

ಇವತ್ತು ಬೆಳಿಗ್ಗೆ ಫೋನಿನಲ್ಲಿ, "ಕಣ್ಣೆಲ್ಲ ಮಂಜ್ ಮಂಜ್ ಮಾರಾಯ" ಅಂದರು. ಪ್ಲೀಸ್, ಈಗಲೇ ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಬಾ. ಡಾಕ್ಟರ ಹತ್ತಿರ ಸ್ಪಿರಿಟ್ ಕುಡಿದದ್ದು ಅಂತಲೇ ಹೇಳು, ಮರ್ಯಾದೆ ನೋಡಬೇಡ. ಅಪ್ಪಯ್ಯ ಬರಲೊಪ್ಪದಿದ್ದರೆ ನನಗೇ ಸೀರಿಯಸ್ ಅನ್ನು; ಓಡಿ ಬರುತ್ತಾರೆ. ನಾನು ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತೇನೆ.

ನಿನ್ನ ಮಗ,
ಅಕ್ಷಯ್