ಗರಗಸದ ದಾರಿ ಬಿಟ್ಟು ಬರೆದ ಆಮೆ

ಜಾಲತಾಣದ ದೂರು ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಆಮೆಯನ್ನು ನಾನೇ ಕದ್ದಿದ್ದೇನೆ ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ತೀರ್ಪು ತಲುಪಿತು. ಅದರ ಕೆಳಗೆ ‘ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ?’ ಎಂದು ಕೇಳಿ ಐದು ನಕ್ಷತ್ರಗಳನ್ನೂ ಇಟ್ಟಿದ್ದಿರಿ. ಯಾವುದನ್ನು ಒತ್ತಬೇಕೆಂದು ತಿಳಿಯದೆ ಫೋನನ್ನು ಮಗುಚಿ ಹಾಕಿ ಕೆಲಸಕ್ಕೆ ಹೋದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈಗಲೂ ಬಂದಿಲ್ಲ. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ತಮ್ಮ ಯಂತ್ರವೇ ಉತ್ತರಿಸುತ್ತಿದೆ. ಮನುಷ್ಯರು ಯಾರಾದರೂ ಓದಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಹಾಕುವವಳು. ಡಾಕ್ಟರು ಮೂಳೆ ಸರಿಯಾಗಿ ಕೂರಿಸಿದ ಮೇಲೆ ಸುತ್ತುವುದು ನಾನು, ಮೂಳೆ ಕೂಡಿದ ಮೇಲೆ ಬಿಚ್ಚುವುದೂ ನಾನು. ಮೊಣಕೈವರೆಗೆ ಸದಾ ಬೆಳ್ಳಗಿರುವುದರಿಂದ ವಾರ್ಡಿನವರು ನನ್ನನ್ನು ಸುಣ್ಣದಕ್ಕ ಎನ್ನುತ್ತಾರೆ. ನನ್ನ ಕೋಣೆಯಲ್ಲಿ ಒಂದು ಎತ್ತರದ ಮಂಚ, ಆಗಾಗ ಕಟ್ಟಿಕೊಳ್ಳುವ ಒಂದು ಸಿಂಕು, ಗೋಡೆಯ ಮೊಳೆಗೆ ನೇತುಹಾಕಿದ ಒಂದು ಕರೆಂಟಿನ ಗರಗಸ. ಅದು ಬರೀ ನಡುಗುವ ಗರಗಸ. ಗಟ್ಟಿಯಾದ ಪ್ಲಾಸ್ಟರನ್ನು ಸೀಳುತ್ತದೆಯೇ ಹೊರತು ಚರ್ಮವನ್ನಲ್ಲ. ಈ ಮಾತನ್ನು ಆರು ವರ್ಷದ ಮಗುವಿಗೆ ಹೇಳಿ ನಂಬಿಸಿ ನೋಡೋಣ! ನನ್ನಿಂದಾಗಲಿಲ್ಲ. ಅದಕ್ಕೇ ಆಮೆ ಹುಟ್ಟಿತು.

ಹೆಗಲಿಗೊಂದು ಚೀಲ ಹಾಕಿಕೊಂಡು ಎಲ್ಲಿಗೋ ಹೊರಟ ಆಮೆ. ಪ್ಲಾಸ್ಟರ್ ಒಣಗಿದ ಮೇಲೆ ಕಪ್ಪು ಪೆನ್ನಿನಲ್ಲಿ ಅದನ್ನು ಕೈಯ ಸುತ್ತ ನಡೆಸುತ್ತೇನೆ. ಬಿಚ್ಚುವಾಗ ಗರಗಸ ಕೈಯ ಎರಡು ಬದಿಗಳಲ್ಲಿ ಹಾಯಬೇಕು, ಆದ್ದರಿಂದ ಆ ಎರಡು ಕಡೆ ಬೆರಳಗಲದ ದಾರಿಯನ್ನು ಖಾಲಿ ಬಿಡುತ್ತೇನೆ. ದಾರಿಯ ಅಂಚಿಗೆ ಬಂದಾಗ ಆಮೆ ಒಂದು ಕಾಲೆತ್ತಿ ನಿಲ್ಲುತ್ತದೆ. ಮುಂದಿನ ಚಿತ್ರದಲ್ಲಿ ಆಚೆ ಬದಿ ಸೇರಿರುತ್ತದೆ. ಬಿಚ್ಚುವ ದಿನ ಮಗು ಗರಗಸ ಆಮೆಗೆ ತಾಗುತ್ತದೋ ಏನೋ ಎಂದು ನೋಡುತ್ತಾ ತಾನು ಅಳುವುದನ್ನೇ ಮರೆಯುತ್ತದೆ. ಆಮೆ ಬಚಾವಾಗುತ್ತದೆ, ಮಗು ಎರಡು ಹೋಳುಗಳನ್ನೂ ಮನೆಗೆ ಒಯ್ಯುತ್ತದೆ. ನನ್ನ ಕಲೆ ಎನ್ನುವುದು ಇಷ್ಟೇ.

ನನ್ನ ಹೆಸರಲ್ಲೊಂದು ಪುಟ ತೆರೆದು ಇದರ ಫೋಟೋಗಳನ್ನು ತಮ್ಮ ತಾಣದಲ್ಲಿ ಹಾಕಿದ್ದು ನನ್ನ ತಂಗಿ. ಕೆಲವದರಲ್ಲಿ ಮಕ್ಕಳ ಮುಖ ಕಾಣುತ್ತದೆ ಎಂದು ಒಬ್ಬ ತಾಯಿ ಆಕ್ಷೇಪಿಸಿದಾಗ ಎಲ್ಲವನ್ನೂ ತೆಗೆಸಿದೆ. ಒಬ್ಬೊಬ್ಬರ ಮನೆಯವರನ್ನೂ ಕೇಳಿ, ಒಪ್ಪಿದವರದನ್ನಷ್ಟೇ ಮುಖ ಕತ್ತರಿಸಿ ಮತ್ತೆ ಹಾಕಿದೆವು. ಆ ನಡುವೆ ಒಬ್ಬ ಮಹನೀಯರು, ಲಕ್ಷಾಂತರ ಅಭಿಮಾನಿಗಳುಳ್ಳವರು, ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಗೆರೆಗೆ ಗೆರೆ ಕೂಡಿಸಿ ಅದೇ ಆಮೆಯನ್ನು ಶುಭ್ರವಾದ ಹಾಳೆಯ ಮೇಲೆ ಇಳಿಸಿದ್ದರು. ಬಾಲದ ಕೆಳಗೆ ತಮ್ಮ ಸಹಿಯನ್ನೂ ಹಾಕಿದ್ದರು. ನಾನು ದೂರು ಕೊಟ್ಟಾಗ ತಾವು ನೋಡಿದ್ದು ನಾವು ಮತ್ತೆ ಹಾಕಿದ ದಿನಾಂಕವನ್ನಷ್ಟೇ. ಅವರದು ಮೊದಲು, ನನ್ನದು ಆಮೇಲೆ, ಕತೆ ಮುಗಿಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ನನ್ನ ಕೈಯದು, ಮೊಸರು ಕೋತಿಯ ಪಾಲು, ಕೊನೆಗೆ ಒರೆಸಿದ್ದು ಮೇಕೆಯ ಬಾಯಿಗೆ. ಆ ಮೇಕೆ ತಮಗೆ ಈ ಪತ್ರ ಬರೆಯುತ್ತಿದೆ.

ಮಹನೀಯರು ಎಷ್ಟು ಶ್ರದ್ಧಾವಂತರೆಂದರೆ, ಗರಗಸದ ದಾರಿಯನ್ನೂ ಬಿಡದೆ ನಕಲು ಮಾಡಿದ್ದಾರೆ. ಹಾಳೆಯ ಮೇಲೆ, ಕಾಫಿ ಕಪ್ಪಿನ ಮೇಲೆ, ದಿಂಬಿನ ಚೀಲದ ಮೇಲೆ, ಎಲ್ಲ ಕಡೆಯೂ ಆ ಎರಡು ಬಿಳಿ ಪಟ್ಟಿಗಳಿವೆ. ದಿಂಬನ್ನು ಗರಗಸದಿಂದ ಬಿಚ್ಚುವವರು ಯಾರು? ಸಂದರ್ಶನವೊಂದರಲ್ಲಿ ಕೇಳಿದ್ದಕ್ಕೆ ಅವರು ಕಣ್ಣು ಮುಚ್ಚಿ, ‘ಆ ಬಿಳಿ ಜಾಗ ನನ್ನ ಬಾಲ್ಯದ ಮೌನ’ ಎಂದರು. ಕೆಳಗೆ ಕಾಮೆಂಟುಗಳಲ್ಲಿ ಜನ ಸಾಲುಗಟ್ಟಿ ಅತ್ತಿದ್ದರು. ಇದನ್ನೇ ಸಾಕ್ಷಿಯಾಗಿ ತಮಗೆ ಕಳಿಸಿದೆ. ‘ಖಾಲಿ ಜಾಗಕ್ಕೆ ಹಕ್ಕುಸ್ವಾಮ್ಯ ಅನ್ವಯಿಸುವುದಿಲ್ಲ’ ಎಂದು ಉತ್ತರ ಬಂತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ಎನ್ನಬಹುದಿತ್ತು. ಆದರೆ ಮೈಯೂ ನೋಯಲಿಲ್ಲ.

ಈಚೆಗೆ ಅವರ ಖಾತೆಯಿಂದಲೇ ನನ್ನ ಪುಟಕ್ಕೊಂದು ಸಂದೇಶ ಬಂದಿದೆ: ‘ಹೊಸದು ಏನೂ ಹಾಕ್ತಿಲ್ವಲ್ಲ, ಮುಂದಿನದು ಯಾವಾಗ?’ ನಮ್ಮನೆಯವರು ಓದಿ, “ಪಾಪ, ಬರೆಯೋ ಕೈ ಕೂತುಬಿಟ್ಟಿದೆ. ನೀನೇ ಒಂದು ಪ್ಲಾಸ್ಟರ್ ಹಾಕಿ ಕಳಿಸು” ಎಂದರು. ನಗಬೇಕಾದ ಜಾಗವೆಂದು ಗೊತ್ತಾಯಿತು, ನಕ್ಕೆ.

ಹೊಸದು ಏಕಿಲ್ಲವೆಂದರೆ, ನನ್ನ ಪುಟದಲ್ಲಿ ಆಸ್ಪತ್ರೆಯ ಹೆಸರಿತ್ತು. ತಮ್ಮ ತೀರ್ಪು ಅಲ್ಲಿಗೂ ಹೋಯಿತು. ಆಡಳಿತಾಧಿಕಾರಿಗಳು ಕರೆಸಿ ಕೂರಿಸಿದರು.

“ನೋಡೀಮ್ಮಾ, ನಿಮ್ಮ ಮೇಲೆ ನನಗೇನೂ ಅನುಮಾನ ಇಲ್ಲ. ಆದ್ರೆ ಕಾಪಿ ಮಾಡಿದ್ದು ಅಂತ ಬರವಣಿಗೆಯಲ್ಲಿ ಬಂದಿದೆ. ನಾಳೆ ಆಸ್ಪತ್ರೆ ಮೇಲೆ ಕೇಸಾದ್ರೆ? ಆಮೆ ಬಿಡಿ, ಬೇರೆ ಯಾವುದಾದ್ರೂ ಪ್ರಾಣಿ ಬರೀರಿ.” ತೀರ್ಪನ್ನು ಇನ್ನೊಮ್ಮೆ ಓದಿ, “ಬೇಡ, ಅದೂ ಬೇಡ. ತೀರ್ಪು ವಾಪಸ್ ಆಗೋವರೆಗೂ ಬಿಳೀನೇ ಇರಲಿ” ಎಂದರು. ಒಳ್ಳೆಯ ಮನುಷ್ಯ. ಚಹಾ ತರಿಸಿಕೊಟ್ಟರು.

ಅಂದಿನಿಂದ ಬಿಳಿ ಪ್ಲಾಸ್ಟರ್ ಸುತ್ತುತ್ತಿದ್ದೇನೆ. ಬಿಚ್ಚುವ ದಿನ ಮಕ್ಕಳು ಅರಚುತ್ತವೆ, ಇಬ್ಬರು ಹಿಡಿದುಕೊಳ್ಳುತ್ತಾರೆ, ನಾನು ಕತ್ತರಿಸುತ್ತೇನೆ. ಪ್ಲಾಸ್ಟರ್ ಒಳಗಿನ ಕೈ ಹೇಗಿರುತ್ತದೆ ಗೊತ್ತೇ ತಮಗೆ? ನೋವು ಹೋಗಿರುತ್ತದೆ, ತುರಿಸಿದರೆ ಕೆರೆಯಲಾಗದು, ಸುಮ್ಮನೆ ತೂಗಾಡುತ್ತಿರುತ್ತದೆ. ನಾನೀಗ ಪೂರ್ತಿ ಹಾಗಿದ್ದೇನೆ.

ಹೀಗಿರುವಾಗ ಕಳೆದ ತಿಂಗಳು ಜಾರುಬಂಡಿ ಬಂದಳು. ಮೆಟ್ಟಿಲಿನ ಕಟಕಟೆ ಕಂಡರೆ ಜಾರದೆ ಬಿಡದ ಹುಡುಗಿ, ಅದಕ್ಕೇ ನಾನಿಟ್ಟ ಹೆಸರು. ಹಿಂದೆ ಎಡಗೈ ಮುರಿದುಕೊಂಡಿದ್ದಾಗ, ಆಮೆ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ ಕೇಳಿ ಪ್ರಾಣ ತಿಂದಿದ್ದಳು. “ಈ ಕೈಯಲ್ಲಿ ಜಾಗ ಮುಗೀತು ಕಣೇ, ಉಳಿದ ಕತೆ ಇನ್ನೊಂದು ಕೈಗೆ” ಎಂದಿದ್ದೆ. ಈಗ ಬಲಗೈ ಮುರಿದುಕೊಂಡು ಬಂದಿದ್ದಳು. “ನಿಮ್ಮ ಆಮೆ ಕೃಪೆ, ನೋಡಿ” ಎಂದರು ಅವಳಮ್ಮ, ನಗಬೇಕೋ ಬಯ್ಯಬೇಕೋ ತಿಳಿಯದೆ. ನಾನು ತಲೆಯೆತ್ತದೆ ಸುತ್ತಿ ಮುಗಿಸಿ ಕೈ ತೊಳೆದುಕೊಂಡೆ.

“ಆಂಟಿ, ಆಮೆ?”

“ಈಗ ಬರೆಯೋ ಹಾಗಿಲ್ಲಮ್ಮ. ಅದು ಬೇರೆಯವರದಂತೆ.”

ಅವಳು ಬಿಳಿ ಪ್ಲಾಸ್ಟರನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ, “ನಮ್ಮ ಕ್ಲಾಸಲ್ಲೂ ಹಂಗೇ ಅಂದ್ರು. ಹಳೇ ಪ್ಲಾಸ್ಟರ್ ತಗೊಂಡು ಹೋಗಿ ತೋರಿಸಿದ್ದಕ್ಕೆ, ಇದು ಫೋನಲ್ಲಿ ನೋಡಿ ಕಾಪಿ ಹೊಡೆದಿದ್ದು ಅಂದ್ರು” ಎಂದಳು. ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತು, “ಅದು ಅವರ ಆಮೆ ಆದ್ರೆ, ಮೊದಲು ನನ್ನ ಕೈ ಮೇಲೆ ಹೆಂಗ್ ಬಂತು?” ಎಂದಳು. ಪ್ರಶ್ನೆಯನ್ನು ಹಾಗೇ ತಮಗೆ ದಾಟಿಸುತ್ತಿದ್ದೇನೆ.

ಮೊನ್ನೆ ಕೈ ತೋರಿಸಲು ಬಂದಾಗ ಪ್ಲಾಸ್ಟರನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಬಾರದ ಎಡಗೈಯಲ್ಲಿ ತಾನೇ ಒಂದು ಆಮೆ ಬರೆದಿದ್ದಾಳೆ. ಸೊಟ್ಟ ಚಿಪ್ಪು, ಐದು ಕಾಲು. ಚೀಲವಂತೂ ಆಮೆಗಿಂತ ದೊಡ್ಡದು.

“ನಿಮ್ಮ ಆಮೆ ನಾನು ಬರ್ಕೊಂಡೆ ಆಂಟಿ. ಕೇಳದೇ ಬರ್ದೆ. ಪರವಾಗಿಲ್ವಾ? ದೂರು ಕೊಡಲ್ಲ ತಾನೇ?”

‘ನಿಮ್ಮ ಆಮೆ’ ಎಂದಳು, ಮಾನ್ಯರೇ. ಲಕ್ಷಾಂತರ ಜನರಲ್ಲಿ ಯಾರೂ ಅನ್ನಲಿಲ್ಲ, ತಮ್ಮ ಕಚೇರಿಯೂ ಅನ್ನಲಿಲ್ಲ. ಪರವಾಗಿಲ್ಲ ಪುಟ್ಟಿ ಎಂದು ಅವಳ ಕೈ ಹಿಡಿದು ಆಮೆಯ ಐದು ಕಾಲುಗಳನ್ನೂ ಎಣಿಸಿದೆ. ಅಷ್ಟು ದಿನಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ ಸಲ.

ಆದರೆ ಆ ಆಮೆಯನ್ನು ಅವಳು ಬರೆದಿರುವುದು ಸರಿಯಾಗಿ ಗರಗಸದ ದಾರಿಯ ಮೇಲೆ. ಪಾಪ, ಅವಳಿಗೇನು ಗೊತ್ತು? ದಾರಿ ಬದಲಿಸುವಂತಿಲ್ಲ, ಮೂಳೆ ಉಬ್ಬಿದ ಕಡೆ ಗರಗಸ ಹಾಯಿಸಬಾರದು. ಬಿಚ್ಚುವ ದಿನಕ್ಕೆ ಮುಂಚೆ ಅವಳನ್ನು ಕೂರಿಸಿಕೊಂಡು ಕಾರಣ ಹೇಳಬೇಕು. ಪಕ್ಕದಲ್ಲೇ ದಾರಿ ಬಿಟ್ಟು ಇನ್ನೊಂದು ಆಮೆಯನ್ನು ಬರೆದು, ಅದು ಹೊರಟಿದ್ದ ಜಾಗಕ್ಕೆ ಅದನ್ನು ತಲುಪಿಸಬೇಕು. ಆ ಜಾಗ ಯಾವುದೆಂದು ಗೊತ್ತಿರುವುದು ನನಗೊಬ್ಬಳಿಗೇ. ಅದರ ಫೋಟೋ ತೆಗೆಯುವುದಿಲ್ಲ, ಮಹನೀಯರಿಗೆ ತಿಳಿಸಿ.

ಅವರ ಕಪ್ಪು, ದಿಂಬು, ಬಾಲ್ಯದ ಮೌನ ಎಲ್ಲವೂ ಅವರಿಗೇ ಇರಲಿ. ನಾನು ಕೇಳುವುದು ಇಷ್ಟು: ನಾನು ಕಳ್ಳಿ ಎಂಬ ತೀರ್ಪನ್ನು ಹಿಂತೆಗೆದುಕೊಂಡು ಒಂದು ಸಾಲು ಬರೆದು ಆಸ್ಪತ್ರೆಗೆ ಕಳಿಸಿ. ಬರುವ ಶುಕ್ರವಾರ ಅವಳ ಪ್ಲಾಸ್ಟರ್ ಬಿಚ್ಚುತ್ತೇವೆ. ಅಷ್ಟರೊಳಗೆ ಆ ಸಾಲು ಬಂದರೆ ಪೆನ್ನು ತೆಗೆಯುತ್ತೇನೆ. ಬರದಿದ್ದರೆ ನನ್ನ ಕೈಯಲ್ಲಿರುವುದು ಗರಗಸವೊಂದೇ, ಮತ್ತು ಅವಳು ನೋಡುತ್ತಿರುತ್ತಾಳೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ತನ್ನನ್ನು ತಾನೇ ನಕಲು ಮಾಡಿದ
ಸುಣ್ಣದಕ್ಕ