ಬೂಟಿನ ದಾರದ ಮುಡುಪು

ಹುನಗುಂದ
೧೨ ಆಗಸ್ಟ್ ೨೦೨೪

ಗೆಳೆಯ ಸುಭಾನಸಾಬನಿಗೆ ಮುದಕಪ್ಪನ ಸಲಾಂ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನಡುವೆ ಕಣ್ಣಿನ ಪೊರೆ ತೆಗೆಸಿಕೊಂಡದ್ದು ನಿಜ, ಆದರೆ ತಡವಾದದ್ದು ಅದರಿಂದಲ್ಲ. ಕ್ಷಮಿಸು. ವಿಜಯಪುರದ ಕಡೆ ಮಳೆ ಹೇಗಿದೆ? ಇಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಾರೆ.

ಹೋದ ರವಿವಾರ ನಿನ್ನ ಮೊಮ್ಮಗಳು ಮುಬಶೀರಾ ಬಾಗಲಕೋಟೆಯಿಂದ ಬಂದಿದ್ದಳು. ದಾರಿಯಲ್ಲಿ ಅಮೀನಗಡದ ಕರದಂಟು ಕೊಂಡು ತಂದಿದ್ದಳು. ಕಾಲೇಜಿನ ವಾರ್ಷಿಕ ಸಂಚಿಕೆಗೆ ನಮ್ಮ ಹಳೆಯ ಫುಟ್‌ಬಾಲ್ ತಂಡದ ಬಗ್ಗೆ ಬರೆಯುತ್ತಾಳಂತೆ.

"ಅಜ್ಜಾರ, ಯುದ್ಧದಾಗ ಗುಂಡು ಬಿದ್ದದ್ದು ಯಾವ ಮೊಣಕಾಲಿಗ್ರಿ?"

"ಬಲಕ್ಕ."

"ನಮ್ಮಜ್ಜ ಎಡಕ್ಕ ಅಂತಾರಲ್ರಿ. ಯಾವ ದವಾಖಾನ್ಯಾಗ ಇದ್ರಿ? ಎಷ್ಟು ದಿನ?"

"ಐವತ್ತು ವರ್ಸದ ಮಾತವ್ವ, ಮರತೇನಿ."

"ಹಂಗಾರ ಧೋತರ ಸ್ವಲ್ಪ ಮ್ಯಾಲೆತ್ರಿ, ಗಾಯ ನೋಡಿ ಬರಕೋತೇನಿ."

ಚಹಾದ ನೆಪ ಮಾಡಿ ನಾನು ಸರಕ್ಕನೆ ಎದ್ದೆ. ಹಾಗೆ ಎದ್ದದ್ದನ್ನೂ ಬರೆದುಕೊಂಡಳು.

ಎಡಗಾಲು ಎಂದು ನಾನು ನಿನಗೆ ಯಾವಾಗ ಹೇಳಿದ್ದೆ? ತಿಳಿಯುವ ಕುತೂಹಲವಿದೆ. ಯಾಕೆಂದರೆ ನನಗೆ ಗುಂಡು ಬಿದ್ದೇ ಇಲ್ಲ. ಸುಳ್ಳು ಅಚ್ಚಾಗುವ ಮೊದಲು ನಿನಗೆ ಗೊತ್ತಾಗಬೇಕು.

೧೯೭೧ರ ನವೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆಗೆ ನಾವಿಬ್ಬರೂ ಹುಬ್ಬಳ್ಳಿಗೆ ಹೊರಟಿದ್ದೆವಲ್ಲ. ನಾನು ಸೈನ್ಯ ಬಿಟ್ಟು ಬಂದಿದ್ದರೂ ರಿಸರ್ವ್ ಪಟ್ಟಿಯಲ್ಲಿದ್ದೆ. ಹೊರಡುವ ಹಿಂದಿನ ದಿನ ಸೈನ್ಯಕ್ಕೆ ಮರಳಲು ತಂತಿ ಬಂತು, ಹೋದೆ. ಯುದ್ಧ ಶುರುವಾಗಿ ಆಯ್ಕೆಯೂ ಮುಂದಕ್ಕೆ ಹೋಯಿತು. ನಾನು ಗಡಿಯಲ್ಲಿ ರೇಶನ್ ಲಾರಿ ಓಡಿಸಿದೆ. ಒಂದು ಗೀರೂ ಆಗದೆ ಮರಳಿದೆ.

ಮನೆಗೆ ಬಂದು ನೋಡಿದರೆ ನನ್ನ ಆಟದ ಬೂಟಿಗೆ ದಾರ ಇರಲಿಲ್ಲ. ಅವ್ವ ಅವನ್ನು ಅರಿಷಿಣದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು.

"ಬೀರಪ್ಪಗ ಮುಡುಪು ಕಟ್ಟೇನಿ. ‘ಮಗ ಜೀವಂತ ಬಂದ್ರ ಅವಗ ಭಾಳ ಪ್ರೀತಿ ಇದ್ದದ್ದು ನಿನಗ ಕೊಡ್ತೇನಿ’ ಅಂತ ದೇವರಿಗೆ ಅಂದಿದ್ದೆ. ನೀ ಬಂದಿ. ಇನ್ನ ಚೆಂಡು ಮುಟ್ಟಬ್ಯಾಡ."

"ಬ್ಯಾರೆ ದಾರ ಹಾಕ್ಕೋತೇನಿ, ಯವ್ವಾ."

"ನಾ ದಾರ ಕೊಟ್ಟಿಲ್ಲೋ ಹುಚ್ಚಪ್ಪ, ಆಟ ಕೊಟ್ಟೇನಿ."

ವಾದ ಮಾಡಬಹುದಿತ್ತು. ಆದರೆ ನಮ್ಮ ತುಕಡಿಯ ಒಂಬತ್ತು ಜನ ಮರಳಿರಲಿಲ್ಲ. ಅವರ ಅವ್ವಂದಿರೂ ಹರಕೆ ಹೊತ್ತಿದ್ದಿರಬೇಕು. ಹಾಗಿದ್ದೂ ನನ್ನ ಅವ್ವನ ಹರಕೆ ಮುರಿಯುವ ಧೈರ್ಯ ನನಗಾಗಲಿಲ್ಲ. ನಿಜ ಹೇಳಿದರೆ ತಂಡದವರೆಲ್ಲ ಅವಳನ್ನು ಬೈಯುತ್ತೀರಿ ಎಂದು ಮೊಣಕಾಲಿನ ಕಥೆ ಕಟ್ಟಿದೆ.

ಈ ಕಾಗದವನ್ನು ಮುಬಶೀರಾಗೆ ಓದಲು ಕೊಡು. ಬೇಕಾದಷ್ಟು ಬರೆಯಲಿ. ಅವ್ವನ ಹೆಸರು ಬೋರವ್ವ. ತೀರಿಕೊಂಡದ್ದು ೧೯೯೮ರಲ್ಲಿ. ಅವಳನ್ನು ಕೆಟ್ಟವಳಾಗಿ ಬರೆಯದಿದ್ದರೆ ಸಾಕು.

ಸಕ್ಕರೆ ಕಾಯಿಲೆಗೆ ಗುಳಿಗೆ ತಪ್ಪಿಸಬೇಡ. ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಸುಖವಾಗಿರಲಿ.

ನಿನ್ನ
ಮುದಕಪ್ಪ

ತಾ.ಕ.: ಮುಂದೂಡಿದ ಆಯ್ಕೆಗೆ ೧೯೭೨ರ ಜೂನಿನಲ್ಲಿ ಇಬ್ಬರಿಗೂ ಕರೆ ಬಂತು. ನೀನು ನಿನ್ನ ಕಾಗದ ಹಿಡಿದು ನಮ್ಮ ಮನೆಯ ಕಟ್ಟೆಗೆ ಬಂದೆ. "ಮೈದಾನದಾಗ ಮುಂದ ನೀ ಇಲ್ದ ನಾ ಯಾರಿಗೆ ಚೆಂಡು ಕೊಡ್ಲಿ ಲೇ? ನಾನೂ ಒಲ್ಲೆ" ಎಂದೆ ನೀನು. ಆಗ ನಿಜ ಹೇಳಿದ್ದರೆ ನೀನು ನನ್ನನ್ನು ಬೈದು ಹುಬ್ಬಳ್ಳಿಗೆ ಹೋಗುತ್ತಿದ್ದೆ. ನಾನು ಬಾಯಿ ಬಿಡಲಿಲ್ಲ. ಇದರಲ್ಲಿ ಅವ್ವನದು ಏನೂ ಇಲ್ಲ, ಸುಭಾನಾ. ನೀನು ಆ ಕಾಗದ ಹರಿದಾಗ ನನಗೆ ಒಳಗೊಳಗೇ ಸಂತೋಷವಾಗಿತ್ತು.